ರಾತ್ರಿ ಎರಡಕ್ಕೆ ಕಮಾಂಡರ್ ಯಾರು? ತುರ್ತಿನಲ್ಲಿ ಆಸ್ಪತ್ರೆಯ ಹೊಣೆ ಹಂಚುವ ಬಗೆ

ಹಾವೇರಿ ದಾಟಿದ ಮೇಲೆ ಹೆದ್ದಾರಿ 48ರಲ್ಲಿ ಬಸ್ಸೊಂದು ಪಲ್ಟಿಯಾಗಿದೆ, ಮೂವತ್ತು ಜನ ಬರುತ್ತಿದ್ದಾರೆ ಅಂತ 108ರವರ ಫೋನ್ ಬಂತು ಅಂದುಕೊಳ್ಳಿ. ಹೊತ್ತು ರಾತ್ರಿ 2.10. ಕ್ಯಾಜುವಲ್ಟಿಯಲ್ಲಿ ಒಬ್ಬ ಡ್ಯೂಟಿ ಡಾಕ್ಟರು, ಇಬ್ಬರು ಸಿಸ್ಟರು, ಒಬ್ಬ ಗ್ರೂಪ್ ಡಿ ನೌಕರ, ಗೇಟಿನಲ್ಲಿ ಒಬ್ಬ ವಾಚ್‌ಮನ್. ಅಧೀಕ್ಷಕರು ಮನೆಯಲ್ಲಿ ಮಲಗಿದ್ದಾರೆ, ಆರ್‌ಎಂಒ (ನಿವಾಸಿ ವೈದ್ಯಾಧಿಕಾರಿ) ಊರಿಗೆ ಹೋಗಿದ್ದಾರೆ. ಈಗ ಆಸ್ಪತ್ರೆಯ ಯಜಮಾನ ಯಾರು?

"ಸಾಹೇಬ್ರು ಬರೋವರೆಗೂ ನೋಡೋಣ್ರಿ" ಅನ್ನುವುದೇ ಬಹಳ ಕಡೆ ಸಿಗುವ ಉತ್ತರ. ಸಾಹೇಬರು ಬರುವಷ್ಟರಲ್ಲಿ ಮೊದಲ ಮೂರು ಆಂಬ್ಯುಲೆನ್ಸ್ ಬಂದು ನಿಂತಿರುತ್ತವೆ. ಆದ್ದರಿಂದ ತುರ್ತು ಯೋಜನೆಯ ಮೊದಲ ಸಾಲು ಹೀಗಿರಲಿ: ಆ ಕ್ಷಣದಲ್ಲಿ ಡ್ಯೂಟಿಯಲ್ಲಿರುವವರ ಪೈಕಿ ಯೋಜನೆ ಯಾರನ್ನು ಗುರುತಿಸಿದೆಯೋ ಅವರೇ ಕಮಾಂಡರ್. ಮೇಲಿನವರು ಬಂದು, ವಿವರ ಕೇಳಿ, "ಈಗ ನಾನು ತಗೊಂಡೆ" ಅಂತ ಬಾಯಿಬಿಟ್ಟು ಹೇಳುವ ತನಕ ಅವರೇ. ಸಂಬಳದ ಪಟ್ಟಿಯಲ್ಲಿರುವ ಹುದ್ದೆ ಬೇರೆ, ಆ ರಾತ್ರಿ ಹೊತ್ತುಕೊಂಡ ಹೊಣೆ ಬೇರೆ. ಈ ಎರಡನ್ನು ಕಾಗದದ ಮೇಲೆ ಬೇರೆ ಮಾಡದ ಆಸ್ಪತ್ರೆಯಲ್ಲಿ ಯೋಜನೆಯ ಫೈಲು ಎಷ್ಟೇ ದಪ್ಪಗಿದ್ದರೂ ಉಪಯೋಗವಿಲ್ಲ.

ಚೌಕಟ್ಟು

ಹುದ್ದೆ ನೋಡದೆ ಹೊಣೆ ಹಂಚುವ ಈ ಪದ್ಧತಿ ಹೊಸ ಸಂಗತಿಯಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚು ಆರಿಸಲು ಹುಟ್ಟಿದ ವ್ಯವಸ್ಥೆಯನ್ನು ಅಲ್ಲಿನ ಆಸ್ಪತ್ರೆಗಳು ತಮಗೆ ಒಗ್ಗಿಸಿಕೊಂಡವು. ನಮ್ಮಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆ ಬಂದ ಮೇಲೆ ರಾಷ್ಟ್ರೀಯ ಪ್ರಾಧಿಕಾರ 2010ರಲ್ಲಿ ಇದೇ ಮಾದರಿಯ ಮಾರ್ಗಸೂಚಿ ಹೊರಡಿಸಿತು. ಜಿಲ್ಲೆಯ ಮಟ್ಟದಲ್ಲಿ ಇದರ ತುದಿಯಲ್ಲಿರುವವರು ಜಿಲ್ಲಾಧಿಕಾರಿ. ಆಸ್ಪತ್ರೆಯ ಕಮಾಂಡರ್ ಆ ಸರಪಳಿಯ ಒಂದು ಕೊಂಡಿ.

ಕಮಾಂಡರ್ ಕೆಳಗೆ ನಾಲ್ಕು ವಿಭಾಗ. ಕಾರ್ಯಾಚರಣೆ ಅಂದರೆ ಟ್ರಯಾಜ್ (ಯಾರಿಗೆ ಮೊದಲು ಚಿಕಿತ್ಸೆ ಅಂತ ಗಾಯಾಳುಗಳನ್ನು ವಿಂಗಡಿಸುವುದು), ಚಿಕಿತ್ಸೆ, ಓಟಿ, ವಾರ್ಡು, ಶವಾಗಾರ. ಯೋಜನೆಯವರು ಎಷ್ಟು ಹಾಸಿಗೆ ಖಾಲಿ, ಎಷ್ಟು ಜನ ಬಂದರು, ಮುಂದಿನ ಪಾಳಿಗೆ ಯಾರು ಅನ್ನುವ ಲೆಕ್ಕ ಇಡುತ್ತಾರೆ. ಸರಬರಾಜಿನವರದು ಆಕ್ಸಿಜನ್, ಔಷಧ, ಡೀಸೆಲ್, ನೀರು, ಊಟ. ಹಣಕಾಸು ಮತ್ತು ದಾಖಲೆ ನಾಲ್ಕನೆಯದು. ಇವಲ್ಲದೆ ಕಮಾಂಡರ್ ಪಕ್ಕದಲ್ಲೇ ಮೂವರು: ಹೊರಗಿನವರ ಜೊತೆ ಮಾತಾಡುವ ಸಂಪರ್ಕಾಧಿಕಾರಿ, ಮಾಹಿತಿ ಕೊಡುವವರು, ಸುರಕ್ಷತಾ ಅಧಿಕಾರಿ. ಒಬ್ಬರ ಕೈಕೆಳಗೆ ಮೂರರಿಂದ ಏಳು ಜನ ಇರಬಹುದು, ಐದು ಹದವಾದ ಸಂಖ್ಯೆ. ಹನ್ನೆರಡು ಜನ ನೇರವಾಗಿ ಕಮಾಂಡರ್‌ಗೇ ವರದಿ ಮಾಡುತ್ತಿದ್ದರೆ ಅವರಿಗೆ ಯೋಚನೆ ಮಾಡಲು ಪುರುಸೊತ್ತೇ ಸಿಗುವುದಿಲ್ಲ.

ಏಳೂ ಕುರ್ಚಿ ತುಂಬಲೇಬೇಕೆಂದಿಲ್ಲ. ಯಾರನ್ನೂ ನೇಮಿಸದ ಹೊಣೆ ತಾನಾಗಿಯೇ ಕಮಾಂಡರ್ ತಲೆಯ ಮೇಲೆ ಉಳಿಯುತ್ತದೆ, ಇದೇ ನಿಯಮ. ಜನ ಬಂದಂತೆ ಒಂದೊಂದಾಗಿ ಹಂಚುತ್ತ ಹೋಗಬೇಕು.

ಒಬ್ಬರೇ ಡಾಕ್ಟರ್ ಇದ್ದಾಗ

ಕುಂದಗೋಳ, ನವಲಗುಂದ, ರೋಣ, ಸವಣೂರಿನಂಥ ತಾಲ್ಲೂಕುಗಳ ಆಸ್ಪತ್ರೆಗಳಿಗೆ ಮುಖ್ಯವಾದ ಪ್ರಶ್ನೆ ಇದು. ದೊಡ್ಡ ಆಸ್ಪತ್ರೆಯ ಚಾರ್ಟನ್ನು ಇಲ್ಲಿ ಗೋಡೆಗೆ ಅಂಟಿಸಿದರೆ ಎಲ್ಲ ಏಳು ಚೌಕದಲ್ಲೂ ಅದೇ ಡಾಕ್ಟರ ಹೆಸರು ಬರುತ್ತದೆ.

ನಮ್ಮ ಸಲಹೆ ಸ್ಪಷ್ಟ: ಒಬ್ಬರೇ ಡಾಕ್ಟರಿದ್ದರೆ ಅವರು ಕಮಾಂಡರ್ ಆಗಬಾರದು. ಎದೆಗೆ ನಳಿಕೆ ಹಾಕುತ್ತಿರುವವರ ಕೈಗೆ ಫೋನ್ ಕೊಡಲಾಗದು. ಡ್ಯೂಟಿಯಲ್ಲಿರುವ ಹಿರಿಯ ಸಿಸ್ಟರ್ ಕಮಾಂಡರ್ ಆಗಲಿ, ಡಾಕ್ಟರ್ ಕಾರ್ಯಾಚರಣೆ ನೋಡಲಿ. ಯಾವ ರೋಗಿಗೆ ಏನು ಚಿಕಿತ್ಸೆ ಅನ್ನುವುದು ಡಾಕ್ಟರ ತೀರ್ಮಾನ. ಯಾರನ್ನು ಕರೆಸಬೇಕು, ಯಾವ ವಾರ್ಡ್ ಖಾಲಿ ಮಾಡಬೇಕು, ಯಾವ ಆಂಬ್ಯುಲೆನ್ಸ್ ಮೊದಲು ಹೊರಡಬೇಕು ಅನ್ನುವುದು ಸಿಸ್ಟರ ತೀರ್ಮಾನ. ನಮ್ಮ ಆಸ್ಪತ್ರೆಗಳ ಹಿರಿಕಿರಿಯರ ಲೆಕ್ಕಾಚಾರದಲ್ಲಿ ಇದು ಸ್ವಲ್ಪ ಚುಚ್ಚುತ್ತದೆ. ಅದಕ್ಕೇ ಅಧೀಕ್ಷಕರ ಸಹಿಯಿರುವ ಲಿಖಿತ ಆದೇಶವಾಗಿ ಮೊದಲೇ ಇರಬೇಕು. ಆ ಹೊತ್ತಿನಲ್ಲಿ ಎರಡು ವಾಕ್ಯ ಸಾಕು:

"ಸಿಸ್ಟರ್, ಇವತ್ತಿನ ಕಮಾಂಡ್ ನಿಮ್ಮದ್ರಿ, ನಾ ಪೇಷಂಟ್ ನೋಡ್ತೀನಿ."

"ಆತ್ರೀ ಸರ್, ಎರಡು ಹನ್ನೆರಡಕ್ಕ ನಾ ತಗೊಂಡೆ."

ಸಮಯ ಹೇಳುವುದು ಶೋಕಿಗಲ್ಲ. ಆ ಸಮಯ ಲಾಗ್ ಪುಸ್ತಕದ ಮೊದಲ ಸಾಲಾಗುತ್ತದೆ. ಬೆಳಿಗ್ಗೆ ಮೇಲಿನವರು ಬಂದಾಗಲೂ ಹೀಗೆಯೇ: ಎಷ್ಟು ಜನ ಬಂದರು, ಎಷ್ಟು ಕೆಂಪು (ತಕ್ಷಣ ಚಿಕಿತ್ಸೆ ಬೇಕಾದವರು), ಏನು ಮುಗಿಯುತ್ತ ಬಂದಿದೆ, ಯಾರಿಗೆ ಫೋನ್ ಹೋಗಿದೆ, ಯಾವ ತೀರ್ಮಾನ ಬಾಕಿ. ಈ ಐದು ಸಂಗತಿ ಕೇಳದೆ ಯಾರೂ ಕಮಾಂಡ್ ತೆಗೆದುಕೊಳ್ಳಬಾರದು. ಕೋಣೆಗೆ ಬಂದವರೇ ಒಂದೊಂದು ಆದೇಶ ಕೊಡಲು ಶುರುಮಾಡಿದರೆ, ಹತ್ತು ಜನ ಸೇರಿದರೆ ಹಾವು ಸಾಯದು ಅನ್ನುವ ಹಾಗೆ ಆಗುತ್ತದೆ.

ಜಾಕೆಟ್, ಹಾಳೆ, ಕೋಣೆ

ಮೂರು ವಸ್ತು ಮೊದಲೇ ತಯಾರಿರಲಿ.

ಜಾಕೆಟ್: ಬೆನ್ನಿನ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ "ಕಮಾಂಡರ್", "ಟ್ರಯಾಜ್", "ಸರಬರಾಜು" ಅಂತ ಬರೆಸಿದ ತೋಳಿಲ್ಲದ ಜಾಕೆಟ್‌ಗಳು. ಅಮೆರಿಕದ ಪದ್ಧತಿಯಲ್ಲಿ ವಿಭಾಗಕ್ಕೊಂದು ಬಣ್ಣ. ಕಾರ್ಯಾಚರಣೆಗೆ ಕೆಂಪು, ಸರಬರಾಜಿಗೆ ಹಳದಿ, ಹಣಕಾಸಿಗೆ ಹಸಿರು. ಇದನ್ನು ಹಾಗೇ ತರಬೇಡಿ. ಇವೇ ಮೂರು ಬಣ್ಣ ಟ್ರಯಾಜ್‌ನಲ್ಲಿ ರೋಗಿಯ ಸ್ಥಿತಿ ಹೇಳುತ್ತವೆ. "ಹಸಿರಿನವರ ಕಡೆ ಕಳಿಸ್ರಿ" ಅಂದಾಗ ಕ್ಯಾಷಿಯರ್ ಮುಂದೆ ಸ್ಟ್ರೆಚರ್ ಬಂದು ನಿಲ್ಲುವುದು ಬೇಡ. ಎಲ್ಲವೂ ಒಂದೇ ಬಣ್ಣದವು, ಅಕ್ಷರ ಮಾತ್ರ ಬೇರೆ, ಸಾಕು. ಕಪಾಟಿನ ಕೀಲಿ ಕ್ಯಾಜುವಲ್ಟಿಯ ಸಿಸ್ಟರ್ ಹತ್ತಿರ ಇರಲಿ. ಕೀಲಿ ಹಗಲು ಡ್ಯೂಟಿಯ ಸ್ಟೋರ್‌ಕೀಪರ್ ಜೇಬಿನಲ್ಲಿ ಮನೆಗೆ ಹೋಗಿರುವುದು ಅಣಕು ಕಾರ್ಯಾಚರಣೆಗಳಲ್ಲಿ ಪದೇ ಪದೇ ಕಾಣುವ ತಪ್ಪು.

ಹಾಳೆ: ಪ್ರತಿ ಜಾಕೆಟ್‌ನ ಜೇಬಿನಲ್ಲಿ ಆ ಹೊಣೆಯ ಕೆಲಸದ ಹಾಳೆ. ಒಂದೇ ಹಾಳೆ, ಎರಡು ಬದಿ, ಲ್ಯಾಮಿನೇಟ್ ಮಾಡಿದ್ದು. ಮೇಲೆ ಯಾರಿಗೆ ವರದಿ ಮಾಡಬೇಕು ಅನ್ನುವ ಒಂದು ಸಾಲು, ಆಮೇಲೆ ಮೊದಲ ಹತ್ತು ನಿಮಿಷದ ಕೆಲಸ, ಎರಡು ಗಂಟೆಯವರೆಗಿನ ಕೆಲಸ, ಪಾಳಿ ಬಿಡುವಾಗಿನ ಕೆಲಸ. ಈ ಹೊಣೆ ಮೊದಲ ಸಲ ಹೊರುವವರೂ ಓದಿ ಶುರುಮಾಡುವಂತಿರಬೇಕು. "ಸೂಕ್ತ ಕ್ರಮ ಕೈಗೊಳ್ಳುವುದು" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಟ್ರಯಾಜ್‌ಗೆ ನಾಲ್ಕು ಸ್ಟ್ರೆಚರ್, ಎರಡು ಡಿ ಸಿಲಿಂಡರ್ ಕಳಿಸಿ" ಅಂತ ಬರೆಯಿರಿ.

ಕೋಣೆ: ಕಮಾಂಡ್ ಕೋಣೆ ಕ್ಯಾಜುವಲ್ಟಿಯ ಒಳಗೆ ಬೇಡ, ಎರಡನೇ ಮಹಡಿಯ ಅಧೀಕ್ಷಕರ ಚೇಂಬರೂ ಬೇಡ. ನೆಲಮಹಡಿಯಲ್ಲಿ, ಗದ್ದಲ ಕೇಳಿಸದಷ್ಟು ದೂರ, ನಡೆದು ಎರಡು ನಿಮಿಷದಲ್ಲಿ ತಲುಪುವಷ್ಟು ಹತ್ತಿರ. ಒಂದು ಲ್ಯಾಂಡ್‌ಲೈನ್, ಬಿಳಿ ಬೋರ್ಡು, ಕಟ್ಟಡದ ನಕ್ಷೆ, ಬ್ಯಾಟರಿ, ಕಾಗದದ ಮೇಲೆ ಮುದ್ರಿಸಿದ ಫೋನ್ ಪಟ್ಟಿ. ಮೊಬೈಲಿನೊಳಗಿನ ಪಟ್ಟಿ ಆ ಮೊಬೈಲ್ ಚಾರ್ಜ್ ಇರುವವರೆಗೆ ಮಾತ್ರ.

ಮೊದಲ ಹತ್ತು ನಿಮಿಷ

ಯಾವಾಗ ತುರ್ತು ಘೋಷಿಸಬೇಕು ಅನ್ನುವುದನ್ನು ಸಂಖ್ಯೆಯಲ್ಲೇ ಬರೆಯಿರಿ. ನೂರು ಹಾಸಿಗೆಯ ಆಸ್ಪತ್ರೆಗೆ "ಒಂದೇ ಘಟನೆಯಿಂದ ಹತ್ತು ಗಾಯಾಳು, ಅಥವಾ ಮೂವರು ಕೆಂಪು" ಅನ್ನಬಹುದು. ನಿಮ್ಮ ರಾತ್ರಿಪಾಳಿಯ ಬಲ ನೋಡಿ ಇಳಿಸಿಕೊಳ್ಳಿ. ಸುಳ್ಳು ಘೋಷಣೆಯಾದರೆ ನಾಲ್ಕು ಜನರ ನಿದ್ದೆ ಕೆಡುತ್ತದೆ, ಅಷ್ಟೆ. ಅದಕ್ಕಾಗಿ ಯಾರನ್ನೂ ಬೈಯಬಾರದು. ಒಮ್ಮೆ ಬೈದರೆ ಮುಂದಿನ ಸಲ ಅರ್ಧ ಗಂಟೆ ತಡವಾಗುತ್ತದೆ.

1. ಫೋನ್ ಎತ್ತಿದವರು ನಾಲ್ಕು ಪ್ರಶ್ನೆ ಕೇಳಿ ಬರೆಯಲಿ: ಏನಾಯಿತು, ಎಲ್ಲಿ, ಎಷ್ಟು ಜನ, ಮೊದಲ ಗಾಡಿ ಎಷ್ಟು ಹೊತ್ತಿಗೆ. ವಿಷ, ಹೊಗೆ, ರಾಸಾಯನಿಕ ಇದೆಯೇ ಅಂತ ಕೇಳಲು ಮರೆಯಬಾರದು.
2. ಕಮಾಂಡರ್ ಜಾಕೆಟ್ ತೊಟ್ಟು, ಘೋಷಣೆ ಮಾಡಿ, ಟ್ರಯಾಜ್‌ಗೆ ಒಬ್ಬರನ್ನು ಬಾಗಿಲಲ್ಲೇ ನಿಲ್ಲಿಸಲಿ.
3. ಕ್ಯಾಜುವಲ್ಟಿಯಲ್ಲಿ ಈಗಿರುವ ಸಣ್ಣಪುಟ್ಟ ರೋಗಿಗಳನ್ನು ವಾರ್ಡಿಗೋ ಓಪಿಡಿ ಬೆಂಚಿಗೋ ಸರಿಸಿ.
4. ವಾಚ್‌ಮನ್ ಒಂದು ಗೇಟ್ ಆಂಬ್ಯುಲೆನ್ಸ್‌ಗೆ, ಇನ್ನೊಂದು ಜನರಿಗೆ ಅಂತ ಬೇರೆ ಮಾಡಲಿ. ಒಂದೇ ಗೇಟಿದ್ದರೆ ಬೈಕುಗಳನ್ನು ಹೊರಗೇ ತಡೆಯಲಿ.
5. ಫೋನ್ ಸರಪಳಿ ಶುರು.

ಟ್ರಯಾಜ್ ಮಾಡುವವರು ಚಿಕಿತ್ಸೆಗೆ ಇಳಿಯಬಾರದು. ಒಬ್ಬರಿಗೆ ಒಂದು ನಿಮಿಷಕ್ಕಿಂತ ಕಡಿಮೆ: ನಡೆಯಬಲ್ಲವರು ಹಸಿರು. ಉಸಿರು ನಿಮಿಷಕ್ಕೆ 30 ದಾಟಿದ್ದರೆ, ಮಣಿಕಟ್ಟಿನ ನಾಡಿ ಸಿಗದಿದ್ದರೆ, ಹೇಳಿದ ಮಾತು ಕೇಳದಿದ್ದರೆ ಕೆಂಪು. ಉಳಿದವರು ಹಳದಿ. ಉಸಿರಿನ ದಾರಿ ತೆರೆದರೂ ಉಸಿರಾಡದವರು ಕಪ್ಪು.

ವಾಟ್ಸಾಪ್ ಗುಂಪಿನ ತೊಂದರೆ

ಗುಂಪಿಗೆ "ಎಲ್ಲರೂ ಬೇಗ ಬನ್ನಿ" ಅಂತ ಹಾಕಿದರೆ ಎರಡು ಕೇಡು. ನಡುರಾತ್ರಿ ಅರ್ಧ ಜನ ನೋಡುವುದೇ ಇಲ್ಲ. ನೋಡಿದ ಅರ್ಧ ಜನ ನೇರ ಕ್ಯಾಜುವಲ್ಟಿಗೆ ನುಗ್ಗಿ, ಗಾಯಾಳುಗಳಿಗಿಂತ ಬಿಳಿ ಕೋಟುಗಳೇ ಹೆಚ್ಚಾಗುತ್ತವೆ. ಬೆಳಿಗ್ಗೆ ಎಂಟಕ್ಕೆ ನೋಡಿದರೆ ಎಲ್ಲರೂ ಸುಸ್ತಾಗಿದ್ದಾರೆ, ಪಾಳಿ ಬದಲಿಸಲು ಒಬ್ಬರೂ ಇಲ್ಲ.

ಬದಲಿಗೆ, ಒಬ್ಬರು ಐದು ಜನರಿಗೆ ಧ್ವನಿ ಕರೆ ಮಾಡುವ ಸರಪಳಿ ಕಟ್ಟಿ. ಆಸ್ಪತ್ರೆಯ ಹತ್ತಿರ ಇರುವವರು ಪಟ್ಟಿಯ ಮೇಲೆ. ಬಂದವರು ಓಪಿಡಿ ಹಾಲಿನಲ್ಲಿ ಹೆಸರು ಬರೆಸಿ ಕೂರಲಿ, ಯೋಜನೆಯವರು ಅಲ್ಲಿಂದ ಬೇಕಾದಷ್ಟು ಜನರನ್ನು ಕಳಿಸಲಿ. ಪಟ್ಟಿಯ ಅರ್ಧದಷ್ಟು ಜನಕ್ಕೆ "ಈಗ ಮಲಗ್ರಿ, ಎಂಟಕ್ಕ ಬರ್ರಿ" ಅಂತ ಹೇಳುವುದೂ ಒಂದು ಆದೇಶವೇ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟಡ ಕುಸಿದಾಗ ಅವಶೇಷದಡಿಯಿಂದ ಜನರನ್ನು ಹೊರತೆಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ಅಂಥ ಘಟನೆಗೆ ಒಂದು ಪಾಳಿಯ ಹುರುಪು ಸಾಲುವುದಿಲ್ಲ. ಕಮಾಂಡರ್ ಸೇರಿ ಯಾರೂ ಹನ್ನೆರಡು ಗಂಟೆ ಮೀರಿ ಇರಬಾರದು.

ಪ್ರವಾಹದ ದಿನಗಳಲ್ಲಿ ಸರಪಳಿ ಇನ್ನೊಂದು ಕಡೆ ತುಂಡಾಗುತ್ತದೆ. ಬೆಣ್ಣಿಹಳ್ಳ, ಮಲಪ್ರಭೆ ಉಕ್ಕಿದರೆ ನವಲಗುಂದ, ನರಗುಂದದ ಕಡೆ ರಸ್ತೆಯೇ ಮುಚ್ಚುತ್ತದೆ. ಹುಬ್ಬಳ್ಳಿಯಿಂದ ಓಡಾಡುವ ಸಿಬ್ಬಂದಿ ಬರಲಾಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಊರಲ್ಲೇ ವಾಸವಿರುವವರ ಬೇರೆ ಪಟ್ಟಿ ಮಾಡಿಡಿ.

ಸಿಲಿಂಡರ್ ಲೆಕ್ಕ

ಸರಬರಾಜಿನವರಿಗೆ "ಆಕ್ಸಿಜನ್ ಐತಿ" ಅನ್ನುವ ಉತ್ತರ ಸಾಲದು, "ಎಷ್ಟು ಹೊತ್ತಿಗೆ ಐತಿ" ಬೇಕು. ದೊಡ್ಡ ಡಿ ಮಾದರಿಯ ತುಂಬಿದ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲ. ನಿಮಿಷಕ್ಕೆ 10 ಲೀಟರಿನಂತೆ ಒಬ್ಬ ರೋಗಿಗೆ ಹನ್ನೊಂದು ಗಂಟೆಗೂ ಮೇಲೆ. ಸಣ್ಣ ಬಿ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್, ಅಂದರೆ ಎರಡೂವರೆ ಗಂಟೆ. ಅದೇ 15 ಲೀಟರ್ ಹರಿಸಿದರೆ 100 ನಿಮಿಷ. ಹಾವೇರಿಯಿಂದ ಹುಬ್ಬಳ್ಳಿಯ ಕಿಮ್ಸ್‌ಗೆ (ಹೆಸರು ಕೆಎಂಸಿಆರ್‌ಐ ಆದರೂ ಜನರ ಬಾಯಲ್ಲಿ ಇನ್ನೂ ಕಿಮ್ಸೇ) ಸುಮಾರು 75 ಕಿಲೋಮೀಟರ್. ದಾರಿಯಲ್ಲಿ ಟ್ರಾಫಿಕ್ ಸಿಕ್ಕರೆ ಆ 100 ನಿಮಿಷ ಅಂಚಿಗೆ ಬರುತ್ತದೆ. ಆದ್ದರಿಂದ ಎರಡು ಬಿ ಇಟ್ಟೇ ಗಾಡಿ ಬಿಡಿ. ಗೇಜ್ ಅರ್ಧ ತೋರಿಸಿದರೆ ಒಳಗಿರುವುದೂ ಅರ್ಧವೇ. ಜನರೇಟರಿಗೂ ಇದೇ ಮಾತು: ಗಂಟೆಗೆ ಎಷ್ಟು ಲೀಟರ್ ಡೀಸೆಲ್ ಕುಡಿಯುತ್ತದೆ ಅಂತ ಲಾಗ್ ನೋಡಿ ಬೋರ್ಡಿನ ಮೇಲೆ ಬರೆಯಿರಿ.

ಬೆಂಕಿಯಾದಾಗ ವಾರ್ಡಿನ ಆಕ್ಸಿಜನ್ ವಾಲ್ವ್ ಮುಚ್ಚುವ ಅಧಿಕಾರ ಯಾರದು ಅನ್ನುವುದನ್ನು ಹೆಸರಿನಿಂದಲ್ಲ, ಹೊಣೆಯಿಂದ ಬರೆದಿಡಿ. ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರಿಗೇ ಕೊಡುವುದು ಸರಿ. ಪೈಪಿನ ಆಕ್ಸಿಜನ್ ಮೇಲಿರುವವರನ್ನು ಸಣ್ಣ ಸಿಲಿಂಡರಿಗೆ ಬದಲಿಸಿದ ಮೇಲೆಯೇ ಮುಚ್ಚಬೇಕು.

ಹೊರಗಿನವರು

ಸಂಪರ್ಕಾಧಿಕಾರಿಗೆ ಒಂದು ಫೋನ್ ಮೀಸಲಿರಲಿ: ಜಿಲ್ಲಾ ನಿಯಂತ್ರಣ ಕೊಠಡಿ 1077, ಪೊಲೀಸ್ 112, ಆಂಬ್ಯುಲೆನ್ಸ್ 108, ಮೇಲಿನ ಆಸ್ಪತ್ರೆಗಳು. ರೋಗಿಯನ್ನು ಕಳಿಸುವ ಮುಂಚೆ ಆ ಕಡೆಯವರು ಹೂಂ ಅಂದರೇ ಅಂತ ಬರೆದುಕೊಳ್ಳಲಿ. ಗದಗಿನಿಂದ ಎಂಟು ಜನರನ್ನು ಒಟ್ಟಿಗೆ ಹುಬ್ಬಳ್ಳಿಗೆ ಸಾಗಿಸಿದರೆ ಅವಘಡ ಊರು ಬದಲಿಸಿತು, ಅಷ್ಟೆ.

ದೀಪಾವಳಿ ಆದಮೇಲೆ ಹಾವೇರಿ ಕಡೆ ಹೋರಿ ಹಬ್ಬದಲ್ಲಿ ತಿವಿತ ಬಿದ್ದರೆ ಒಬ್ಬ ಗಾಯಾಳುವಿನ ಹಿಂದೆ ಐವತ್ತು ಜನ ಬರುತ್ತಾರೆ. ಅವರಿಗೆ ಬೇರೆ ಜಾಗ, ಕುಡಿಯುವ ನೀರು, ಅರ್ಧ ಗಂಟೆಗೊಮ್ಮೆ ಬಂದು ಮಾತಾಡುವ ಒಬ್ಬ ಮನುಷ್ಯ ಬೇಕು. ಹೇಳಲು ಹೊಸತೇನೂ ಇಲ್ಲದಿದ್ದರೂ ಬಂದು "ಇನ್ನೂ ಓಟಿಯೊಳಗ ಅದಾರ್ರಿ" ಅನ್ನಬೇಕು. ಗಾಜು ಒಡೆಯುವುದು ಬಹುಪಾಲು ಯಾರೂ ಏನೂ ಹೇಳದಿದ್ದಾಗ. ರಾಜಕೀಯ ಮುಖಂಡರು ಬಂದರೆ ಸಂಪರ್ಕಾಧಿಕಾರಿ ಎದುರುಗೊಂಡು ಇಬ್ಬರನ್ನು ಮಾತ್ರ ಒಳಗೆ ಕರೆದೊಯ್ಯಲಿ, ಕೆಂಪು ವಿಭಾಗಕ್ಕೆ ಬೇಡ. ಕಮಾಂಡರ್ ಅವರ ಹಿಂದೆ ಓಡಾಡಬಾರದು. ಪತ್ರಕರ್ತರಿಗೆ ಸಂಖ್ಯೆ ಹೇಳಿ, ಹೆಸರು ಹೇಳಬೇಡಿ.

ಸುರಕ್ಷತಾ ಅಧಿಕಾರಿ ಯಾವ ಕೆಲಸವನ್ನೂ ಅಲ್ಲೇ ನಿಲ್ಲಿಸಬಲ್ಲರು, ಕಮಾಂಡರನ್ನು ಕೇಳಬೇಕಿಲ್ಲ. ಬೆಳೆಗೆ ಹೊಡೆಯುವ ಔಷಧದ ವಿಷಬಾಧೆಯಾಗಿ ಒಂದಷ್ಟು ಜನ ಬಂದರೆ, ಹೊರಗೇ ಬಟ್ಟೆ ತೆಗೆಸಿ ಸೋಪು ನೀರಿನಿಂದ ತೊಳೆಯದೆ ಒಳಗೆ ಬಿಡಬೇಡಿ ಅನ್ನುವುದು ಅವರ ಮಾತು. ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಸಿಸ್ಟರುಗಳೇ ರೋಗಿಗಳಾಗಬಹುದು.

ದಾಖಲೆ

ಹೆಸರು ಗೊತ್ತಿಲ್ಲದವರಿಗೆ ಮೊದಲೇ ಮುದ್ರಿಸಿದ ಕೈಪಟ್ಟಿ: 001ರಿಂದ 050. ಸಂಖ್ಯೆಗೆ ಬಣ್ಣ ಸೇರಿಸಿ "ಕೆಂಪು-3" ಅಂತ ಬರೆಯಬೇಡಿ. ಅರ್ಧ ಗಂಟೆಯಲ್ಲಿ ಹಳದಿ ಕೆಂಪಾಗುತ್ತದೆ, ರಕ್ತದ ಬಾಟಲಿ ಮೇಲಿನ ಚೀಟಿ ಹಳೆಯದೇ ಉಳಿಯುತ್ತದೆ. ಅಪಘಾತದ ಗಾಯಾಳುಗಳ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸಿನ) ದಾಖಲೆಗೆ ಒಬ್ಬರನ್ನು ಮೀಸಲಿಡಿ. ಪೊಲೀಸರಿಗಾಗಲಿ ಹಣಕ್ಕಾಗಲಿ ಕಾದು ಚಿಕಿತ್ಸೆ ನಿಲ್ಲಿಸುವಂತಿಲ್ಲ; ಜೀವ ಉಳಿಸುವುದೇ ಮೊದಲು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಮುಗಿಸುವುದು

ತುರ್ತು ಮುಗಿಯಿತು ಅಂತ ಘೋಷಿಸುವವರೂ ಕಮಾಂಡರೇ. ಕೊನೆಯ ಗಾಡಿ ಬಂತು ಅನ್ನುವುದು ಸಾಕಾಗುವುದಿಲ್ಲ. ಘಟನಾ ಸ್ಥಳದಲ್ಲಿ ಇನ್ಯಾರೂ ಉಳಿದಿಲ್ಲ ಅಂತ ಪೊಲೀಸರಿಂದ ಖಚಿತವಾಗಲಿ. ಜಾಕೆಟ್‌ಗಳನ್ನು ಎಣಿಸಿ ಒಳಗಿಡಿ, ಕೈಪಟ್ಟಿ ಮತ್ತು ಸಿಲಿಂಡರ್ ಅದೇ ದಿನ ತುಂಬಿಸಿ, ಲಾಗ್ ಪುಸ್ತಕದ ಫೋಟೋಪ್ರತಿ ತೆಗೆಯಿರಿ. ಎರಡು ದಿನದೊಳಗೆ ಒಂದು ಗಂಟೆ ಕೂತು ಮಾತಾಡಿ; ಗೇಟಿನ ವಾಚ್‌ಮನ್, ಗ್ರೂಪ್ ಡಿ ನೌಕರರೂ ಇರಲಿ, ಅವರಿಗೇ ಮೊದಲು ಮಾತಾಡಲು ಬಿಡಿ. ವರ್ಷಕ್ಕೆ ಎರಡು ಅಣಕು ಕಾರ್ಯಾಚರಣೆ ಮಾಡುವುದಾದರೆ ಒಂದಾದರೂ ರಾತ್ರಿಪಾಳಿಯಲ್ಲಿ ನಡೆಯಲಿ. ಫೋನ್ ಬಂದಾಗಿನಿಂದ ಕಮಾಂಡರ್ ಜಾಕೆಟ್ ಒಬ್ಬರ ಮೈಮೇಲೆ ಬರುವವರೆಗೆ ಎಷ್ಟು ನಿಮಿಷ ಆಯಿತು ಅಂತ ಗಡಿಯಾರ ಹಿಡಿದು ನೋಡಿ. ಹತ್ತು ದಾಟಿದ್ದರೆ ಮೊದಲು ಆ ಕಪಾಟಿನ ಕೀಲಿ ಎಲ್ಲಿತ್ತು ಅಂತ ಕೇಳಿ.