ಕೆಲಸದ ಪಟ್ಟಿಗೆ ವಾಯಿದೆ ಇಟ್ಟಿದ್ದೇನೆ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ದುರಸ್ತಿ, ಖರೀದಿ, ಲೆಕ್ಕ ಮೂರನ್ನೂ ನೋಡಿಕೊಳ್ಳುತ್ತೇನೆ. ಪಟ್ಟಿಗೆ ದಿನಕ್ಕೆ ಐದಾರು ಕೆಲಸ ಸೇರುತ್ತವೆ, ಮುಗಿಯುವುದು ಮೂರೋ ನಾಲ್ಕೋ. ಉಳಿದವು ವಾಯಿದೆ ತೀರಿ ತಾವಾಗಿ ಬಿದ್ದುಹೋಗುತ್ತವೆ.

ಉದ್ದನೆಯ ನೋಟ್‌ಬುಕ್ಕಿನ ಬಲಪುಟದಲ್ಲಿ ಮಾತ್ರ ಕೆಲಸ ಬರೆಯುತ್ತೇನೆ. ಎಡ ಅಂಚಿಗೆ ಬರೆದ ತಾರೀಖು, ಬಲ ಅಂಚಿಗೆ ವಾಯಿದೆ. ಸಾಮಾನ್ಯವಾಗಿ 14 ದಿನ. ಮುಂಗಾರು ಭತ್ತ ಬರುವ ನವೆಂಬರ್-ಡಿಸೆಂಬರ್ ಹಾಗೂ ಬೇಸಿಗೆ ಭತ್ತ ಬರುವ ಏಪ್ರಿಲ್-ಮೇ ಸುಗ್ಗಿಯಲ್ಲಿ 5 ದಿನ ಸಾಕು. ವಾರ ಕಳೆಯುವಷ್ಟರಲ್ಲಿ ಲಾರಿ ಹೋಗಿರುತ್ತದೆ, ದರ ತಿರುಗಿರುತ್ತದೆ. ಬೆಳಿಗ್ಗೆ ಮೋಟರ್ ಚಾಲೂ ಮಾಡುವ ಮೊದಲು ಬಲ ಅಂಚು ಓದಿ, ತಾರೀಖು ದಾಟಿದ್ದಕ್ಕೆ ಕೆಂಪು ಗೆರೆ ಎಳೆಯುತ್ತೇನೆ. ಆಗ ವಿಚಾರ ಮಾಡುತ್ತ ಕೂತರೆ ಎಲ್ಲವೂ ಬೇಕೆನಿಸುತ್ತದೆ.

ಸಮಯ ನಿರ್ವಹಣೆಯ ಬಗ್ಗೆ ಬರೆಯುವ ಮಾರ್ಕ್ ಫಾರ್ಸ್ಟರ್ 2009ರಲ್ಲಿ ಹೇಳಿದ, ಕೆಲಸದ ಪಟ್ಟಿ ನಿಭಾಯಿಸುವ ಆಟೋಫೋಕಸ್ ಪದ್ಧತಿಯಲ್ಲೂ ಇಂಥ ನಿಯಮವುಂಟು: ಪುಟ ಪೂರ್ತಿ ನೋಡಿದರೂ ಒಂದೂ ಕೆಲಸ ಕೈಗೆತ್ತಿಕೊಳ್ಳಬೇಕೆನಿಸದಿದ್ದರೆ ಆ ಪುಟದ ಬಾಕಿಯೆಲ್ಲ ವಜಾ. ಗಿರಣಿಗೆ ಮನಸ್ಸಿನ ಅಳತೆ ಒಗ್ಗುವುದಿಲ್ಲ, ತಾರೀಖೇ ಬೇಕು.

ಎರಡು ಬಗೆಯವು ಈ ಪಟ್ಟಿಗೆ ಬರಲೇಕೂಡದು. ಒಂದು, ಸರ್ಕಾರದ ಗಡುವು. ಜಿಎಸ್‌ಟಿ ತೆರಿಗೆಯ ಲೆಕ್ಕ ಕೊಡುವ ಜಿಎಸ್‌ಟಿಆರ್-3ಬಿ ನಮೂನೆಯನ್ನು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ 20ನೇ ತಾರೀಖು. ತಡವಾದರೆ ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. ಇಂಥವು ಗೋಡೆಯ ಕ್ಯಾಲೆಂಡರಿಗೆ. ಇನ್ನೊಂದು, ಯಂತ್ರದ ಲಕ್ಷಣ. ಭತ್ತದ ಸಿಪ್ಪೆ ಬಿಡಿಸುವ ಶೆಲ್ಲರಿನ ಎರಡು ರಬ್ಬರ್ ರೋಲ್‌ಗಳಲ್ಲಿ ವೇಗವಾಗಿ ತಿರುಗುವುದು ಬೇಗ ಸವೆಯುತ್ತದೆ. ಸವೆದಂತೆ ಎರಡರ ವೇಗದ ಅಂತರ ಕುಗ್ಗಿ, ಸಿಪ್ಪೆ ಬಿಡದ ಭತ್ತ ಹೆಚ್ಚುತ್ತದೆ. ಅದಲುಬದಲು ಮಾಡುವ ಹೊತ್ತನ್ನು ರೋಲೇ ಹೇಳಬೇಕು. ಭತ್ತವನ್ನು ಮೇಲಕ್ಕೆ ಸಾಗಿಸುವ ಎಲಿವೇಟರಿನ ಕೆಳಗಿನ ಬೇರಿಂಗ್ ಬಿಸಿಯಾದರಂತೂ ಸುತ್ತಲಿನ ದೂಳಿಗೆ ಕಿಡಿ ತಗಲುವ ಭಯ. ಇವನ್ನು ಆಯಾ ಯಂತ್ರದ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಕೆಲಸ ಆಗುವ ತನಕ ಯಾರೂ ಅಳಿಸುವಂತಿಲ್ಲ.

ಪದ್ಧತಿ ಕೆಡುವುದು ಮರುಬರಹದಲ್ಲಿ. ಗೆರೆ ಎಳೆದ ಕೂಡಲೇ ಅದೇ ಸಾಲನ್ನು ಕೆಳಗೆ ಬರೆದುಕೊಂಡರೆ ವಾಯಿದೆಗೆ ಬೆಲೆಯಿಲ್ಲ. ಒಂದು ರಾತ್ರಿ ಕಳೆಯಲಿ. ಮರುದಿನ ಪುಟ ನೋಡದೆ ನೆನಪಾದರೆ ಬರೆಯಬಹುದು, ಆದರೆ ಮಾತು ಬದಲಾಗಿರಬೇಕು. ‘ಗೋದಾಮು ಸರಿಮಾಡು’ ಎಂಬುದು ಎಷ್ಟು ಸಲ ಬರೆದರೂ ಸಾಯುತ್ತದೆ. ‘ಉತ್ತರದ ಗೋಡೆ ಬದಿಯ ಹರಿದ ಚೀಲ ಎಣಿಸಿ, ಹೊಲಿಗೆಗೆ 40 ತೆಗೆದಿಡು’ ಎಂದರೆ ಅರ್ಧ ತಾಸಿನ ಕೆಲಸ.

ಇನ್ನೊಬ್ಬರಿಗೆ ಮಾತು ಕೊಟ್ಟದ್ದಾದರೆ ಎಡಪುಟದಲ್ಲಿ ಅವರ ಹೆಸರಿರುತ್ತದೆ. ಹೆಸರಿದ್ದ ಸಾಲಿಗೆ ಫೋನ್ ಮಾಡದೆ ಗೆರೆ ಎಳೆಯುವುದಿಲ್ಲ: ‘ಈ ಸಲ ಆಗಂಗಿಲ್ರಿ, ಬ್ಯಾರೆ ಕಡೆ ನೋಡ್ಕೊಳ್ರಿ.’ ನಮ್ಮ ಪುಟದಲ್ಲಿ ಸತ್ತ ಕೆಲಸಕ್ಕಾಗಿ ರೈತನೊಬ್ಬ ಭತ್ತ ಹೇರಿಕೊಂಡು ಕಾಯುತ್ತ ಕೂರಬಾರದು.

ಅಮಾವಾಸ್ಯೆ ಪೂಜೆಯ ದಿನ ಯಂತ್ರ ನಿಂತಿರುವಾಗ ಕೆಂಪು ಗೆರೆಗಳನ್ನಷ್ಟೇ ಓದುತ್ತೇನೆ. ಒಂದೇ ಯಂತ್ರದ ಹೆಸರು ಮೂರು ಸಲ ಕಂಡರೆ ಅದನ್ನು ಇಡೀ ದಿನ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸುವುದು.