ರಸ್ತೆ ಹಾಕುವ ಮೊದಲೇ ಅದರ ಮೇಲೆ ಗಾಡಿ ಓಡಿಸಿದ್ದು

ಸಿವಿಲ್ ತ್ರೀಡಿ ಎಂಬ ಸಾಫ್ಟ್‌ವೇರಿನಲ್ಲಿ ಮಾಡಿದ ರಸ್ತೆ ಡಿಸೈನನ್ನು ಡ್ರೈವಿಂಗ್ ಸಿಮ್ಯುಲೇಟರ್‌ಗೆ ಒಯ್ಯಬೇಕೆಂದರೆ ಸರ್ಫೇಸ್ (ರಸ್ತೆಯ ಮೇಲ್ಮೈ ಮಾದರಿ) ಬಿಡಿ, ಅಲೈನ್‌ಮೆಂಟ್ (ರಸ್ತೆ ಸಾಗುವ ಗೆರೆ) ತಗೊಳ್ಳಿ. ಬಾಗಲಕೋಟೆ ಜಿಲ್ಲೆಯ ಮುಧೋಳ ಕಡೆಯ ಒಂದು ನಾಲ್ಕು ಲೇನ್ ರಸ್ತೆಗೆ ಈ ಕೆಲಸ ಮಾಡಿದೆ. ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ.

ಸರ್ಫೇಸ್ ಅಂದರೆ ಬರೀ ತ್ರಿಕೋನಗಳು. ಸೆಕ್ಷನ್, ಅಂದರೆ ರಸ್ತೆಯ ಅಡ್ಡ ಸೀಳುನೋಟ, 20 ಮೀಟರ್‌ಗೊಂದು ಇದ್ದರೆ ಏರಿನ ನೆತ್ತಿಯಲ್ಲಿ ನುಣುಪಾದ ಬಾಗು ಇರುವುದಿಲ್ಲ, ತುಂಡು ತುಂಡಾಗಿ ಮುರಿದಿರುತ್ತದೆ. ಸ್ಟೀರಿಂಗ್ ಹಿಡಿದವರಿಗೆ ಪ್ರತಿ ಮುರಿವಿನಲ್ಲೂ ಗಾಡಿ ಕುಲುಕುತ್ತದೆ. ಅಲೈನ್‌ಮೆಂಟ್, ಪ್ರೊಫೈಲ್ (ಏರಿಳಿತದ ಗೆರೆ) ಎರಡನ್ನೂ ಲ್ಯಾಂಡ್ ಎಕ್ಸ್‌ಎಂಎಲ್ ಫೈಲಾಗಿ ತೆಗೆದು, ಸಿಮ್ಯುಲೇಟರ್ ಓದುವ ಓಪನ್‌ಡ್ರೈವ್ ಫೈಲಿಗೆ ಬದಲಿಸಿದರೆ ನೇರ ಗೆರೆ, ಆರ್ಕ್, ಸ್ಪೈರಲ್ (ನೇರದಿಂದ ತಿರುವಿಗೆ ನಿಧಾನ ಬಾಗುವ ಗೆರೆ) ಎಲ್ಲ ಹಾಗೇ ಉಳಿಯುತ್ತವೆ. ಏರಿಳಿತದ ಬಾಗಿನ (ವರ್ಟಿಕಲ್ ಕರ್ವ್) ಪ್ಯಾರಾಬೋಲಾ ಕೂಡ ಅಷ್ಟೇ, ಏನೂ ಕಳೆಯದೆ ಕೂರುತ್ತದೆ. ತಿರುವಿನಲ್ಲಿ ರಸ್ತೆಗೆ ಕೊಡುವ ಅಡ್ಡ ಓರೆಯ (ಸೂಪರ್‌ಎಲಿವೇಶನ್) ಪ್ಲಸ್-ಮೈನಸ್ ಮಾತ್ರ ಕೂತು ನೋಡಿ. ಓಪನ್‌ಡ್ರೈವ್‌ನಲ್ಲಿ ಪ್ಲಸ್ ಅಂದರೆ ರಸ್ತೆ ಬಲಕ್ಕೆ ಇಳಿಯುತ್ತದೆ.

ಇನ್ನು ಕೋಆರ್ಡಿನೇಟ್. ನಾವಿರುವುದು, ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೇ ವಲಯ. ಮುಧೋಳದ ಹತ್ತಿರ ನಾರ್ದಿಂಗ್, ಅಂದರೆ ಸಮಭಾಜಕದಿಂದ ಉತ್ತರಕ್ಕಿರುವ ದೂರ, ಸುಮಾರು 18 ಲಕ್ಷ ಮೀಟರ್. ಅಷ್ಟು ದೊಡ್ಡ ಸಂಖ್ಯೆಯಲ್ಲಿ 32 ಬಿಟ್ ಫ್ಲೋಟ್‌ಗೆ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ಒಂದು ಬಗೆ) 12.5 ಸೆಂಟಿಮೀಟರ್‌ಗಿಂತ ಸಣ್ಣ ಹೆಜ್ಜೆ ಇಡಲು ಬರುವುದಿಲ್ಲ. ಲೇನ್ ಗೆರೆಯ ಅಗಲವೇ ಹೆಚ್ಚು ಕಡಿಮೆ ಅಷ್ಟು, ಅಲ್ವಾ? ಗೆರೆಗಳು ನಡುಗುತ್ತವೆ. ಮೂಲಬಿಂದುವನ್ನು ರಸ್ತೆಯ ಹತ್ತಿರಕ್ಕೆ ತಂದುಬಿಡಿ. ಎಷ್ಟು ಕಳೆದಿರಿ ಅಂತ ಬರೆದಿಡಿ.

ಸೈನ್‌ಬೋರ್ಡ್, ಕಂಬ, ಮನೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವು ಸಿಗುತ್ತವೆ. ಸಿಗದಿದ್ದದ್ದು ಎರಡು ಟ್ರಾಲಿ ಎಳೆಯುವ ಕಬ್ಬಿನ ಟ್ರ್ಯಾಕ್ಟರ್. ಹಂಗಾಮಿನಲ್ಲಿ ಅದಿಲ್ಲದ ರಸ್ತೆ ನಮ್ಮ ಕಡೆ ಎಲ್ಲಿದೆ? ಹಾಗಾಗಿ ಮಾಡೆಲ್ ನಾವೇ ಮಾಡಿ, ಡಿವೈಡರ್ ತೆರವಿನಲ್ಲಿ ಅಡ್ಡ ದಾಟಲು ಬಿಟ್ಟೆವು.

ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಪ್ರಕಾರ 80 ಕಿ.ಮೀ. ವೇಗಕ್ಕೆ ಗಾಡಿ ನಿಲ್ಲಿಸಲು 120 ಮೀಟರ್ ದೂರ ಕಾಣಬೇಕು. ಚಾಲಕರ ಕಣ್ಣಿನ ಎತ್ತರ 1.2 ಮೀಟರ್ ಅಂತ ಲೆಕ್ಕ. ಡ್ರಾಯಿಂಗ್‌ನಲ್ಲಿ ಅದೆಲ್ಲ ಸರಿಯಾಗೇ ಇತ್ತು. ಆದರೆ ಡಿವೈಡರ್ ಮೇಲಿನ ಗಿಡಗಳು ಬೇರೆ ಹಾಳೆಯಲ್ಲಿದ್ದವು. ಸಿಮ್ಯುಲೇಟರ್‌ನಲ್ಲಿ ಎರಡೂ ಒಂದಾದವು. ಟ್ಯಾಕ್ಸಿ ಓಡಿಸುವ ಒಬ್ಬರನ್ನು ಕೂರಿಸಿದೆವು. ಬಲ ತಿರುವಿನಲ್ಲಿ ಜೋರಾಗಿ ಬ್ರೇಕ್ ಒತ್ತಿ, ‘ಗಿಡದ ಮರಿಗಿ ಟ್ರ್ಯಾಕ್ಟರ್ ಕಾಣವಲ್ದ್ರಿ ಸರ’ ಅಂದರು.

ಆ ತೆರವಿನ ಎರಡೂ ಬದಿ ಗಿಡ ತೆಗೆದು ಹುಲ್ಲು ಅಂತ ತಿದ್ದಿದೆವು. ಅಲ್ಲಿ ಇನ್ನೂ ಒಂದು ಸಸಿಯನ್ನೂ ನೆಟ್ಟಿರಲಿಲ್ಲ.