ಚಳಿಗಾಲದ ರಜೆಯಲ್ಲಿ ಕಲಬುರಗಿಯ ಸುತ್ತ: ನಾನು ಪ್ರವಾಸ ಹಾಕಿಕೊಂಡ ಬಗೆ

ಕಲಬುರಗಿಯ ಸುತ್ತಲಿನ ಊರುಗಳನ್ನು ಕಾರಿನಲ್ಲಿ ನೋಡಿ ಬರಲು ಡಿಸೆಂಬರ್, ಜನವರಿಗಿಂತ ಒಳ್ಳೆಯ ಕಾಲವಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಕೋಟೆಯ ಕಲ್ಲಿನ ಮೇಲೆ ಬರಿಗಾಲಿಡುವುದೇ ಕಷ್ಟ. ಮೈಸೂರಿನಿಂದ ತಂಗಿಯ ಕುಟುಂಬ ರಜೆಗೆ ಬರುವುದು ಖಚಿತವಾದಾಗ, ದಿನಕ್ಕೊಂದು ದಿಕ್ಕು, ರಾತ್ರಿ ಮನೆಗೆ ವಾಪಸು ಎಂಬ ಲೆಕ್ಕದಲ್ಲಿ ನಾನು ಯೋಜನೆಗೆ ಕುಳಿತೆ. ಪ್ರತಿ ರಾತ್ರಿ ಬೇರೆ ಊರಿನ ಲಾಡ್ಜಿನಲ್ಲಿ ಸಾಮಾನು ಬಿಚ್ಚಿ ಕಟ್ಟುವ ಪ್ರವಾಸದಲ್ಲಿ ಮಕ್ಕಳೂ ಹಿರಿಯರೂ ಬಹುಬೇಗ ದಣಿಯುತ್ತಾರೆ.

ದೂರಕ್ಕಿಂತ ಮೊದಲು ನಾನು ಕ್ಯಾಲೆಂಡರಿನಲ್ಲಿ ತಿಥಿ ವಾರಗಳನ್ನು ನೋಡಿದೆ. ಗಾಣಗಾಪುರ ನಮ್ಮೂರಿಗೆ ಹತ್ತಿರವೇ ಇದ್ದರೂ ಗುರುವಾರ, ಹುಣ್ಣಿಮೆ, ಅದರಲ್ಲೂ ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಯಂದು ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳಬೇಕೆಂದರೆ ಬೇರೆ ದಿನವೇ ಬೇಕು. ಸೊಲ್ಲಾಪುರಕ್ಕೆ ಹೋಗುವವರು ಸಂಕ್ರಾಂತಿಯ ಸುತ್ತಿನ ದಿನಗಳನ್ನು ಗಮನಿಸಬೇಕು. ಆಗ ಸಿದ್ಧರಾಮೇಶ್ವರರ ಜಾತ್ರೆ ನಡೆಯುತ್ತದೆ. ಜಾತ್ರೆಗೆಂದೇ ಹೋದರೆ ಸರಿ, ಚಾದರ ಕೊಳ್ಳಲು ಹೋದರೆ ದಿನವಿಡೀ ಜನಸಂದಣಿಯಲ್ಲೇ ಕಳೆಯುತ್ತದೆ. ಎಳ್ಳಮಾವಾಸ್ಯೆಯಂದು ನಾನು ಯಾವ ಊರನ್ನೂ ಇಟ್ಟುಕೊಳ್ಳಲಿಲ್ಲ. ಅಂದು ನಮ್ಮ ಭಾಗದವರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಭೂತಾಯಿಗೆ ನೈವೇದ್ಯವನ್ನು ಹೊಲದಲ್ಲಿ ಎರಚಿ), ಸಜ್ಜೆ ಕಡುಬು, ಭಜ್ಜಿ, ಅಂಬಲಿ ಉಣ್ಣುತ್ತಾರೆ. ಪರಿಚಯದವರ ಹೊಲಕ್ಕೆ ಅತಿಥಿಗಳನ್ನು ಕರೆದೊಯ್ಯುವುದೇ ಆ ದಿನದ ಪ್ರವಾಸವಾಯಿತು, ಮತ್ತು ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದೂ ಅದೇ.

ಎರಡನೆಯ ಲೆಕ್ಕ ಬೆಳಕಿನದು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸಂಜೆ ಆರರೊಳಗೆ ಸೂರ್ಯ ಮುಳುಗುತ್ತಾನೆ. ಅದು ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಕಾಲವಾದ್ದರಿಂದ ಬೀದರ್, ಆಳಂದ, ಅಫಜಲಪುರಗಳ ಕಡೆ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡಾಡುತ್ತವೆ. ಎಷ್ಟೋ ಟ್ರಾಲಿಗಳಿಗೆ ಹಿಂದೆ ದೀಪವಿರುವುದಿಲ್ಲ, ಹೊರಚಾಚಿದ ಕಬ್ಬು ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಆದ್ದರಿಂದ ನೋಡಬೇಕಾದ ಸ್ಥಳವನ್ನು ಮೂರೂವರೆ, ನಾಲ್ಕು ಗಂಟೆಗೆ ಬಿಟ್ಟುಬಿಡುವುದನ್ನೇ ನಿಯಮ ಮಾಡಿಕೊಂಡೆ. ಬೆಳಿಗ್ಗೆ ಮಂಜು ಕವಿದ ದಿನ ಹೊರಡುವುದನ್ನು ತಡಮಾಡಿ, ಪಟ್ಟಿಯಿಂದ ಒಂದು ಸ್ಥಳವನ್ನು ಕೈಬಿಡುತ್ತಿದ್ದೆವು.

ಒಳರಸ್ತೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ತೊಗರಿ ರಾಶಿಯ ಕಾಲವಿದು. ಸೇಡಂ, ಚಿತ್ತಾಪುರ ಕಡೆಯ ಊರುಗಳಲ್ಲಿ ಕೊಯ್ದ ತೊಗರಿಯನ್ನು ಡಾಂಬರಿನ ಮೇಲೆಯೇ ಹರಡಿರುತ್ತಾರೆ. ಚಕ್ರ ಹಾಯ್ದರೆ ಕಾಯಿ ಒಡೆಯುತ್ತದೆಂದು ರೈತರು ಕೈಬೀಸಿ, "ಮ್ಯಾಲೇ ಹಾಯಿಸ್ರಿ, ಏನೂ ಆಗಂಗಿಲ್ರಿ" ಎನ್ನುತ್ತಾರೆ. ಆದರೆ ಒಣ ಕಟ್ಟಿಗೆ ಕಾರಿನ ಅಡಿಯಲ್ಲಿ ಸಿಕ್ಕಿಕೊಂಡು ಕಾದ ಸೈಲೆನ್ಸರಿಗೆ ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಬದಿಯಲ್ಲಿ ದಾರಿಯಿದ್ದರೆ ಬದಿಯಿಂದಲೇ ಹೋಗುತ್ತಿದ್ದೆ. ಇಲ್ಲವಾದರೆ ದಾಟಿದ ಮೇಲೆ ಇಳಿದು, ಬಗ್ಗಿ ನೋಡಿ, ಸಿಕ್ಕಿದ್ದನ್ನು ಎಳೆದು ತೆಗೆದೇ ಮುಂದೆ ಹೊರಡುತ್ತಿದ್ದೆ.

ಆ ದಾರಿಯಲ್ಲಿ ನೋಡಿದ್ದು ಮಳಖೇಡ ಮತ್ತು ಸನ್ನತಿ. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಊರಿನಲ್ಲಿ ಈಗ ಕೋಟೆಯ ಭಾಗಗಳಷ್ಟೇ ಕಾಣುತ್ತವೆ. ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿ ಕುಸಿದಾಗ, ಮೂರ್ತಿಯ ಪೀಠವಾಗಿ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ದೊರೆಯಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಸಿಕ್ಕ ಉಬ್ಬುಶಿಲ್ಪವೊಂದರಲ್ಲಿ ಅಶೋಕನ ಹೆಸರೇ ಬ್ರಾಹ್ಮಿಯಲ್ಲಿ ಕೆತ್ತಲ್ಪಟ್ಟಿದೆ. ಇಲ್ಲಿಗೆ ಹೋಗುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಕುಡಿಯುವ ನೀರು ಮನೆಯಿಂದಲೇ ಕಟ್ಟಿಕೊಂಡಿದ್ದೆವು. ಊಟಕ್ಕೆಂದು ದಾರಿ ಬದಲಿಸಿದರೆ ಬೆಳಕು ಕೈತಪ್ಪುತ್ತದೆ.

ವಿಜಯಪುರ ಈ ಎಲ್ಲದರಲ್ಲಿ ದೂರದ್ದು. ಜೇವರ್ಗಿ, ಸಿಂದಗಿ ಮೇಲಿನ ದಾರಿ ಸುಮಾರು 160 ಕಿಲೋಮೀಟರು. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಗೋಳಗುಮ್ಮಟದ ಮುಂದೆ ಸಾಲುಗಟ್ಟಿರುತ್ತವೆ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಕಿರುಚಾಟವೇ ಕೇಳಿಸುತ್ತದೆ. ಅದಕ್ಕಾಗಿ ಇಬ್ರಾಹಿಂ ರೋಜಾವನ್ನು ಮೊದಲು ಸಾವಕಾಶವಾಗಿ ನೋಡಿ, ಬಸ್ಸುಗಳು ಊಟಕ್ಕೆ ತೆರಳಿದ ಮೇಲೆ ಗುಮ್ಮಟವನ್ನು ಹತ್ತಿದೆವು.

ಬೀದರಿಗೆ ಮಾತ್ರ ನಾನು ನಿಯಮ ಸಡಿಲಿಸಿ ಅಲ್ಲಿಯೇ ತಂಗಿದೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗಿ, ಬಸವಕಲ್ಯಾಣಕ್ಕೆ ತಿರುಗಿ, ಕೋಟೆಯನ್ನೂ ಶರಣರ ಸ್ಥಳಗಳನ್ನೂ ನೋಡಿ ಸಂಜೆಯೊಳಗೆ ಬೀದರ್ ಸೇರಬಹುದು. ರಾಜ್ಯದಲ್ಲಿ ಚಳಿ ಹೆಚ್ಚಿರುವ ಊರುಗಳಲ್ಲಿ ಬೀದರ್ ಒಂದು. ಸ್ವೆಟರ್, ಕಿವಿ ಮುಚ್ಚುವ ಟೋಪಿ ಅಗತ್ಯ. ಟಾರ್ಚನ್ನೂ ಒಯ್ಯಬೇಕು, ಏಕೆಂದರೆ ಅಷ್ಟೂರಿನಲ್ಲಿರುವ ಅಹ್ಮದ್ ಷಾ ವಲಿಯ ಗುಮ್ಮಟದ ಒಳಗೋಡೆಯ ಬಣ್ಣದ ಚಿತ್ತಾರ ಅರೆಗತ್ತಲಿನಲ್ಲಿದೆ. 1472ರ ಮಹಮೂದ್ ಗವಾನ್ ಮದರಸಾದಲ್ಲಿ ಉಳಿದಿರುವ ಒಂದೇ ಮಿನಾರಿನ ಬಣ್ಣದ ಹೆಂಚುಗಳನ್ನು ನೋಡಲು ಬಿಸಿಲು ಚೆನ್ನಾಗಿರುವ ಹೊತ್ತೇ ಬೇಕು.

ಮಧ್ಯಾಹ್ನವನ್ನು ಬಿದರಿ ಕೆಲಸಕ್ಕೆ ಬಿಟ್ಟಿದ್ದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಕುಶಲಕರ್ಮಿಯೊಬ್ಬರು ಉಳಿಯಿಂದ ಗೀರಿ, ಆ ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸುತ್ತಿದ್ದರು. ಉಜ್ಜಿದಾಗ ಲೋಹವೂ ಬೆಳ್ಳಿಯೂ ಒಂದೇ ಬಣ್ಣವಾಗಿ, ಚಿತ್ತಾರವೇ ಅಳಿಸಿಹೋದಂತೆ ಕಂಡಿತು. ಬಳಿಕ ಕೋಟೆಯ ಹಳೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ, ಬಿಸಿ ಮಾಡಿದ ಹೂಜಿಗೆ ಸವರಿ ತೊಳೆದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯಿತು. ಇದನ್ನು ನೋಡಲು ಸಾಕಷ್ಟು ಸಮಯ ಬೇಕು, ಆದ್ದರಿಂದ ಅದೇ ದಿನ ಹೈದರಾಬಾದನ್ನೂ ಸೇರಿಸಬೇಕೆಂಬ ತಂಗಿಯ ಸಲಹೆಯನ್ನು ನಾನು ಒಪ್ಪಲಿಲ್ಲ. ಹೈದರಾಬಾದಿಗೆ ಬೇರೆಯೇ ರಜೆ ಇಟ್ಟುಕೊಳ್ಳುವುದು ಒಳ್ಳೆಯದು.

ಕಲಬುರಗಿಯನ್ನು ಕೊನೆಗೆ ಇಟ್ಟುಕೊಂಡೆವು. ಊರೊಳಗೆ ದಾರಿಯ ಚಿಂತೆಯಿಲ್ಲದ ಕಾರಣ, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ತೆರೆದ ಅಂಗಳವಿಲ್ಲದೆ ಪೂರ್ತಿ ಛಾವಣಿ ಹೊದ್ದಿರುವ 1367ರ ಕೋಟೆಯ ಜಾಮಿ ಮಸೀದಿ ಇವುಗಳನ್ನು ಬೆಳಿಗ್ಗೆಯೊಂದರಲ್ಲಿ ಮುಗಿಸಿ, ರಾತ್ರಿ ರೈಲು ಹತ್ತುವವರಿಗೆ ಮಧ್ಯಾಹ್ನ ವಿಶ್ರಾಂತಿ ಕೊಡಲು ಸಾಧ್ಯವಾಯಿತು.